ಗದ್ದೆ ಮಾರಿ ಮಗಳನ್ನು ಕೋಚಿಂಗಿಗೆ ಸೇರಿಸಬೇಕೆ?

ಪ್ರಶ್ನೆ: ನಾವು ಬಹಳ ವರ್ಷಗಳಿಂದ ಡೊಂಬಿವಲಿಯಲ್ಲಿದ್ದೇವೆ. ಊರು ಕುಂದಾಪುರದ ಕಡೆ. ನಾನು ಘಾಟ್‌ಕೋಪರಿನ ಹೋಟೆಲೊಂದರಲ್ಲಿ ಮ್ಯಾನೇಜರ್. ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತು, ಬಿ.ಕಾಂ. ಮುಗಿಸಿ, ಠಾಣೆಯ ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತಿದ್ದಾಳೆ. ವಯಸ್ಸು 23. ಐಎಎಸ್ ಪರೀಕ್ಷೆ ಬರೆಯಲೇಬೇಕೆಂಬ ಹಟ ಅವಳಿಗೆ. ಪುಣೆಯ ಒಂದು ಕೋಚಿಂಗ್ ಸಂಸ್ಥೆಯವರು ಒಂದು ವರ್ಷದ ತರಗತಿಗೆ ಎರಡು ಲಕ್ಷದ ಹತ್ತಿರ ಹೇಳಿದ್ದಾರೆ. ಈ ತಿಂಗಳೊಳಗೆ ಕಟ್ಟಿದರೆ ರಿಯಾಯಿತಿಯಂತೆ. ಕೆಲಸ ಬಿಟ್ಟು ಪುಣೆಗೆ ಹೋಗುತ್ತೇನೆ ಅನ್ನುತ್ತಾಳೆ. ಊರಿನ ಗದ್ದೆಯಲ್ಲಿ ನನ್ನ ಪಾಲು ಮಾರಿದರೆ ಹಣ ಹೊಂದಿಸಬಹುದು. ಕೋಚಿಂಗ್ ಇಲ್ಲದೆ ಈ ಪರೀಕ್ಷೆ ಪಾಸಾಗುವುದು ಸಾಧ್ಯವೇ? ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡರೆ ಸುಲಭ ಎಂದು ಗೆಳೆಯರೊಬ್ಬರು ಹೇಳಿದರು. ನಿಜವೇ?

ಉತ್ತರ: ಗದ್ದೆ ಮಾರಬೇಡಿ. ಈ ತಿಂಗಳೊಳಗೆ ಹಣ ಕಟ್ಟಲೂ ಬೇಡಿ. ಮಗಳು ಸದ್ಯಕ್ಕೆ ಕೆಲಸ ಬಿಡುವುದೂ ಬೇಡ. ಆದರೆ ಪರೀಕ್ಷೆಯೇ ಬೇಡ ಎಂದು ಮಾತ್ರ ಅಪ್ಪಿತಪ್ಪಿಯೂ ಅವಳಿಗೆ ಹೇಳಬೇಡಿ. ಇಪ್ಪತ್ತಮೂರು ಈ ಪರೀಕ್ಷೆಗೆ ಹೇಳಿ ಮಾಡಿಸಿದ ವಯಸ್ಸು. ಕೋಚಿಂಗಿನ ಪ್ರಶ್ನೆ ಬಂದಾಗ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ‘ಅವರವರ ಶಕ್ತಿಗೆ ಬಿಟ್ಟದ್ದು’ ಎಂದು ಹೇಳಿ ಮುಗಿಸುವವರೇ ಹೆಚ್ಚು. ನಿಮ್ಮ ಪತ್ರದಲ್ಲಿ ಗದ್ದೆಯ ಮಾತು ಇರುವಾಗ ನಾನು ಹಾಗೆ ಹೇಳಲಾರೆ.

ಕೋಚಿಂಗ್ ಇಲ್ಲದೆ ಪಾಸಾಗುವುದು ಖಂಡಿತ ಸಾಧ್ಯ. ಅಭ್ಯರ್ಥಿ ಎಲ್ಲಿ ತಯಾರಿ ನಡೆಸಿದರು ಎಂಬುದು ಈ ಪರೀಕ್ಷೆ ನಡೆಸುವ ಕೇಂದ್ರ ಲೋಕಸೇವಾ ಆಯೋಗಕ್ಕೆ (ಯುಪಿಎಸ್‌ಸಿ) ಬೇಕಿಲ್ಲ. ಅರ್ಜಿ ಶುಲ್ಕ 100 ರೂಪಾಯಿ, ಮಹಿಳೆಯರಿಗೆ ಅದೂ ಇಲ್ಲ. ಪಠ್ಯಕ್ರಮವೂ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳೂ ಆಯೋಗದ ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತವೆ. ಕೋಚಿಂಗ್ ಇಲ್ಲದೆ ಓದಿ ಆಯ್ಕೆಯಾದವರು ಇದ್ದಾರೆ. ಕೋಚಿಂಗಿಗೆ ಹೋಗಿಯೂ ಆಯ್ಕೆಯಾಗದವರು ಅವರಿಗಿಂತ ಎಷ್ಟೋ ಪಾಲು ಹೆಚ್ಚು. 2024ರ ಪರೀಕ್ಷೆಗೆ ಅರ್ಜಿ ಹಾಕಿದವರು 9,92,599 ಮಂದಿ. ಪ್ರಿಲಿಮ್ಸ್‌ಗೆ, ಅಂದರೆ ಮೊದಲ ಹಂತದ ಪರೀಕ್ಷೆಗೆ, ಬಂದು ಕುಳಿತವರು 5,83,213. ಮುಖ್ಯ ಪರೀಕ್ಷೆಗೆ ಅರ್ಹರಾದವರು 14,627, ಸಂದರ್ಶನದವರೆಗೆ ತಲುಪಿದವರು 2,845, ಕೊನೆಗೆ ಆಯ್ಕೆಯಾದವರು 1,009. ಪ್ರಿಲಿಮ್ಸ್ ಬರೆದ ನಲವತ್ತು ಮಂದಿಯಲ್ಲಿ ಮುಖ್ಯ ಪರೀಕ್ಷೆಗೆ ಹೋಗುವವರು ಹೆಚ್ಚುಕಡಿಮೆ ಒಬ್ಬರು. ಉಳಿದ ಮೂವತ್ತೊಂಬತ್ತು ಮಂದಿಯಲ್ಲಿ ಸಾಲ ಮಾಡಿ ಫೀಸು ಕಟ್ಟಿದವರ ಮಕ್ಕಳು ಎಷ್ಟೋ ಜನ ಇರುತ್ತಾರೆ.

ಕೋಚಿಂಗ್ ಸಂಸ್ಥೆಗಳು ಕೊಡುವುದು ಮುಖ್ಯವಾಗಿ ಮೂರು. ಒಂದು, ಪಾಠ. ಇನ್ನೊಂದು, ಇಂತಿಷ್ಟು ದಿನದಲ್ಲಿ ಇಂತಿಷ್ಟು ಓದಿ ಮುಗಿಸಬೇಕೆಂಬ ವೇಳಾಪಟ್ಟಿ. ಮತ್ತೊಂದು, ನಿಮ್ಮ ಮಗಳು ಬರೆದ ಉತ್ತರವನ್ನು ಓದಿ, ತಿದ್ದಿ ಕೊಡುವುದು. ಪಾಠಕ್ಕಾಗಿ ಇಂದು ಲಕ್ಷಗಟ್ಟಲೆ ಕೊಡುವ ಅಗತ್ಯವೇ ಇಲ್ಲ. ಎನ್‌ಸಿಇಆರ್‌ಟಿಯ ಶಾಲಾ ಪಠ್ಯಪುಸ್ತಕಗಳು ಅವರ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಬಜೆಟ್ ಭಾಷಣ, ಆರ್ಥಿಕ ಸಮೀಕ್ಷೆ, ಸರ್ಕಾರದ ಪತ್ರಿಕಾ ಪ್ರಕಟಣೆಗಳು ಕೂಡ ಹಾಗೆಯೇ. ಸಂವಿಧಾನ, ಅರ್ಥಶಾಸ್ತ್ರ, ಭೂಗೋಳದ ಒಳ್ಳೆಯ ಪಾಠಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ವೇಳಾಪಟ್ಟಿಯ ಒತ್ತಾಸೆ ಕೆಲವರಿಗೆ ನಿಜವಾಗಿಯೂ ಬೇಕಾಗುತ್ತದೆ, ಕೆಲವರಿಗೆ ಬೇಕಾಗುವುದಿಲ್ಲ. ಬರೆದ ಉತ್ತರವನ್ನು ಬಲ್ಲವರೊಬ್ಬರು ಓದಿ ಹೇಳುವುದು ಮಾತ್ರ ಮನೆಯಲ್ಲಿ ಒಬ್ಬರೇ ಕುಳಿತರೆ ದಕ್ಕುವಂಥದ್ದಲ್ಲ. ನಿಮ್ಮ ಹಣ ಹೋಗಬೇಕಾದದ್ದು ಅಲ್ಲಿಗೆ. ನಿಮಗೆ ಹೇಳಿರುವ ಎರಡು ಲಕ್ಷದ ಬಹುಪಾಲು ಹೋಗುವುದು ಪಾಠಕ್ಕೆ.

ಅಭ್ಯರ್ಥಿಗಳ ಉತ್ತರಗಳನ್ನು ತಿದ್ದುವುದೇ ನನ್ನ ಕೆಲಸವಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮುಖ್ಯ ಪರೀಕ್ಷೆಯಲ್ಲಿ ಸಾಮಾನ್ಯ ಅಧ್ಯಯನದ ಮೊದಲ ಮೂರು ಪತ್ರಿಕೆಗಳಲ್ಲಿ ಒಂದೊಂದಕ್ಕೂ 250 ಅಂಕ, ಮೂರು ಗಂಟೆ, ಇಪ್ಪತ್ತು ಪ್ರಶ್ನೆ. ಹತ್ತು ಅಂಕದ ಪ್ರಶ್ನೆಗೆ 150 ಪದ, ಹದಿನೈದು ಅಂಕದ್ದಕ್ಕೆ 250 ಪದ. ಒಂದು ಉತ್ತರಕ್ಕೆ ಸರಾಸರಿ ಒಂಬತ್ತು ನಿಮಿಷ ಸಿಗುತ್ತದೆ. ಇಂಥ ಒಂದು ಉತ್ತರ ಕೆಲವು ಸಮಯದ ಹಿಂದೆ ನನ್ನ ಮುಂದೆ ಬಂತು. ಬರೆದವಳು ಪುಣೆಯಲ್ಲಿ ಪೂರ್ಣ ವರ್ಷದ ತರಗತಿ ಮುಗಿಸಿದ ಹುಡುಗಿ. ಗ್ರಾಮ ಪಂಚಾಯಿತಿಗಳು ಹಣಕ್ಕಾಗಿ ಇನ್ನೂ ರಾಜ್ಯ ಸರ್ಕಾರದ ಮುಖ ನೋಡಬೇಕಾಗಿರುವುದು ಯಾಕೆ ಎಂಬುದು ಪ್ರಶ್ನೆ. ಅವಳ ಮೊದಲ ಸಾಲಿನಲ್ಲಿ ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 1992ರ 73ನೇ ತಿದ್ದುಪಡಿ. ಆಮೇಲೆ ಮೂರು ಹಂತದ ವ್ಯವಸ್ಥೆ, ಮಹಿಳೆಯರಿಗೆ ಮೂರನೇ ಒಂದು ಭಾಗದ ಮೀಸಲಾತಿ, ಹನ್ನೊಂದನೇ ಅನುಸೂಚಿಯ 29 ವಿಷಯಗಳು. ದುಂಡಗಿನ ಅಕ್ಷರ, ಹುಡುಕಿದರೂ ಒಂದು ತಪ್ಪಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಕೊನೆಯ ಎರಡು ಸಾಲಿನಲ್ಲಿ ಮುದುಡಿಕೊಂಡಿತ್ತು.

ಅವಳನ್ನು ಕೂರಿಸಿಕೊಂಡು ಬಾಯಲ್ಲಿ ಕೇಳಿದೆ. ಪಂಚಾಯಿತಿಗೆ ತೆರಿಗೆ ಹಾಕುವ ಅಧಿಕಾರ ಎಷ್ಟು ಕೊಡಬೇಕೆಂಬುದನ್ನು 243-ಎಚ್ ವಿಧಿ ರಾಜ್ಯದ ಶಾಸನಸಭೆಗೇ ಬಿಟ್ಟಿದೆ ಎಂದಳು. 243-ಐ ಪ್ರಕಾರ ಐದು ವರ್ಷಕ್ಕೊಮ್ಮೆ ರಚನೆಯಾಗಬೇಕಾದ ರಾಜ್ಯ ಹಣಕಾಸು ಆಯೋಗಗಳು ತಡವಾಗುವುದನ್ನು ಹೇಳಿದಳು. ಮುಖ ನೋಡಿ ಮತ ಹಾಕುವ ಊರಿನಲ್ಲಿ ಮನೆ ತೆರಿಗೆ ವಸೂಲಿಗೆ ಸದಸ್ಯರೇ ಹಿಂಜರಿಯುತ್ತಾರೆ ಎಂದೂ ಹೇಳಿದಳು. ಎಲ್ಲವೂ ಗೊತ್ತಿತ್ತು. ಬರೆಯಲು ಕುಳಿತಾಗ ಮಾತ್ರ ನೋಟ್ಸಿನ ಮೊದಲ ಪುಟ ಕೈಗೆ ಬಂದು, ಒಂಬತ್ತು ನಿಮಿಷ ಅದರಲ್ಲೇ ಕಳೆದುಹೋಗಿತ್ತು. ಮೊದಲ ಎರಡು ಪ್ಯಾರಾಗಳನ್ನು ಹೊಡೆದುಹಾಕಿ, ಕೊನೆಯ ಎರಡು ಸಾಲಿನಿಂದ ಉತ್ತರ ಶುರು ಮಾಡಲು ಹೇಳಿದೆ. ಮತ್ತೆ ಮತ್ತೆ ಬರೆದು ಅದನ್ನು ಸರಿ ಮಾಡಿಕೊಂಡಳು. ತರಗತಿಯಲ್ಲಿ ತಿದ್ದಿಸಿಕೊಂಡಿದ್ದ ಅವಳ ಹಳೆಯ ಪತ್ರಿಕೆಗಳನ್ನು ತರಿಸಿ ನೋಡಿದರೆ, ಬಹುತೇಕ ಎಲ್ಲದರ ಮೇಲೂ ಒಂದೇ ಷರಾ: ‘ಚೆನ್ನಾಗಿದೆ, ಇನ್ನಷ್ಟು ಅಂಶಗಳನ್ನು ಸೇರಿಸಿ’. ಅವಳಿಗೆ ಬೇಕಾಗಿದ್ದದ್ದು ಅಂಶಗಳನ್ನು ಕಡಿಮೆ ಮಾಡು ಎನ್ನುವವರು. ಒಂದು ವರ್ಷದ ದುಡಿಮೆ ಹೀಗೆ ಸೋರಿಹೋಗುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಪುಣೆಯ ವಿಚಾರಕ್ಕೆ ಬರೋಣ. ಸದಾಶಿವ ಪೇಠ್, ನಾರಾಯಣ ಪೇಠ್, ನವಿ ಪೇಠ್‌ಗಳ ಓಣಿಗಳಲ್ಲಿ ಸ್ಪರ್ಧಾ ಪರೀಕ್ಷೆಯದ್ದೇ ಒಂದು ಊರು ಇದೆ. ಮರದ ಹಲಗೆಯಿಂದ ಗೂಡು ಗೂಡಾಗಿ ಮಾಡಿದ, ‘ಅಭ್ಯಾಸಿಕೆ’ ಎಂದು ಕರೆಯುವ ಬಾಡಿಗೆಯ ಓದುಕೋಣೆಗಳು, ತಿಂಗಳ ಲೆಕ್ಕದ ಮೆಸ್‌ಗಳು, ಒಂದೇ ಕೋಣೆಯಲ್ಲಿ ಮೂರು ನಾಲ್ಕು ಮಂಚ ಹಾಕಿ ‘ಕಾಟ್ ಬೇಸಿಸ್’ ಮೇಲೆ ಕೊಡುವ ಬಾಡಿಗೆ. ಅಲ್ಲಿ ಸಿಗುವ ಒಂದು ನಿಜವಾದ ಲಾಭ ಸಹವಾಸ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಓದುವವರ ನಡುವೆ ಕುಳಿತರೆ ನಾವೂ ಓದುತ್ತೇವೆ. ಅದೇ ಸಹವಾಸದ ಇನ್ನೊಂದು ಮುಖವನ್ನೂ ನೀವು ತಿಳಿದಿರಬೇಕು. ಈ ಸಲ ಆಗಲಿಲ್ಲ, ಮುಂದಿನ ಸಲ ಎಂದುಕೊಳ್ಳುತ್ತಾ ಅಲ್ಲೇ ಮೂವತ್ತು ದಾಟಿದವರು ಪಕ್ಕದ ಮಂಚದಲ್ಲೇ ಇರುತ್ತಾರೆ. ಅವರ ದಣಿವು ಹೊಸದಾಗಿ ಬಂದವರಿಗೂ ಅಂಟುತ್ತದೆ. ಅಲ್ಲದೆ ಅಲ್ಲಿನ ಬಹುಪಾಲು ವಿದ್ಯಾರ್ಥಿಗಳ ಗುರಿ ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆ. ಓದು, ಮಾತು, ನೋಟ್ಸು ಎಲ್ಲ ಮರಾಠಿಯಲ್ಲಿ. ಯುಪಿಎಸ್‌ಸಿಗೆ ಇಂಗ್ಲಿಷಿನಲ್ಲಿ ಓದುವ ನಿಮ್ಮ ಮಗಳಿಗೆ ಅಲ್ಲಿನ ಗುಂಪು ಎಷ್ಟರಮಟ್ಟಿಗೆ ಹೊಂದುತ್ತದೆ ಎಂದು ಎರಡು ದಿನ ಹೋಗಿ ಇದ್ದು ನೋಡದೆ ತೀರ್ಮಾನಿಸಬಾರದು.

ಸಂಸ್ಥೆಯವರು ನಿಮಗೆ ಸಾಧಕರ ಫೋಟೊಗಳಿರುವ ಬಣ್ಣದ ಪುಸ್ತಿಕೆ ಕೊಟ್ಟಿರುತ್ತಾರೆ. ಅದನ್ನು ಓದುವ ಬಗೆ ಹೇಳುತ್ತೇನೆ. ಸಂದರ್ಶನಕ್ಕೆ ಅರ್ಹರಾದ ಎರಡು ಸಾವಿರದ ಎಂಟುನೂರು ಚಿಲ್ಲರೆ ಮಂದಿಗೆ ಹಲವು ಸಂಸ್ಥೆಗಳು ಉಚಿತವಾಗಿ ಅಣಕು ಸಂದರ್ಶನ ನಡೆಸುತ್ತವೆ. ಪ್ರಿಲಿಮ್ಸನ್ನೂ ಮುಖ್ಯ ಪರೀಕ್ಷೆಯನ್ನೂ ತಮ್ಮ ಬಲದಿಂದ ದಾಟಿ ಬಂದ ಅಭ್ಯರ್ಥಿ ನಾಲ್ಕು ಕಡೆ ಅರ್ಧ ಗಂಟೆ ಕುಳಿತು ಎದ್ದರೆ, ಫಲಿತಾಂಶದ ಮರುದಿನ ನಾಲ್ಕೂ ಸಂಸ್ಥೆಗಳ ಜಾಹೀರಾತಿನಲ್ಲಿ ಅದೇ ಮುಖ ಬರುತ್ತದೆ. ಈ ಸಂಗತಿಯನ್ನು ಮರೆಮಾಚಿದ್ದಕ್ಕಾಗಿಯೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹಲವು ಸಂಸ್ಥೆಗಳಿಗೆ ದಂಡ ಹಾಕಿದೆ. 2024ರ ನವೆಂಬರ್‌ನಲ್ಲಿ ಅದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸಾಧಕರ ಫೋಟೊ ಹಾಕುವ ಸಂಸ್ಥೆ ಅವರು ಯಾವ ಕೋರ್ಸು, ಎಷ್ಟು ಅವಧಿಗೆ, ಹಣ ಕೊಟ್ಟು ಓದಿದರೋ ಇಲ್ಲವೋ ಎಂಬುದನ್ನು ಜೊತೆಗೇ ತಿಳಿಸಬೇಕು. ನಿಮ್ಮ ಕೈಯಲ್ಲಿರುವ ಪುಸ್ತಿಕೆಯಲ್ಲಿ ಆ ವಿವರ ಇದೆಯೇ ನೋಡಿ. ಇಲ್ಲದಿದ್ದರೆ ಒಂದು ವರ್ಷದ ತರಗತಿಗೆ ಕುಳಿತು ಆಯ್ಕೆಯಾದವರು ಎಷ್ಟು ಮಂದಿ ಎಂದು ನೇರವಾಗಿ ಕೇಳಿ.

ಹಾಗಾದರೆ ಈಗ ಮಾಡಬೇಕಾದದ್ದೇನು? ಮಗಳು ಕೆಲಸದಲ್ಲಿ ಇದ್ದುಕೊಂಡೇ ನಾಲ್ಕು ತಿಂಗಳು ತನ್ನನ್ನು ತಾನು ಪರೀಕ್ಷಿಸಿಕೊಳ್ಳಲಿ. ಮುಂದಿನ ಭಾನುವಾರವೇ ಹಿಂದಿನ ವರ್ಷದ ಪ್ರಿಲಿಮ್ಸ್ ಪತ್ರಿಕೆಗಳನ್ನು ಮುದ್ರಿಸಿಕೊಂಡು, ಅಸಲಿ ಪರೀಕ್ಷೆಯ ಹಾಗೆಯೇ ಬೆಳಿಗ್ಗೆ 9.30ರಿಂದ 11.30 ಸಾಮಾನ್ಯ ಅಧ್ಯಯನ, ಮಧ್ಯಾಹ್ನ 2.30ರಿಂದ 4.30 ಸಿಸ್ಯಾಟ್, ಅಂದರೆ ಲೆಕ್ಕ, ತರ್ಕ, ಓದಿ ಗ್ರಹಿಸುವ ಸಾಮರ್ಥ್ಯದ ಪತ್ರಿಕೆ, ಬರೆಯಲಿ. ಮೊದಲನೆಯದರಲ್ಲಿ 100 ಪ್ರಶ್ನೆಗೆ 200 ಅಂಕ, ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ಏನೂ ಓದದೆ ಬರೆದರೆ ಅಂಕ ಕಡಿಮೆಯೇ ಬರುತ್ತದೆ, ಎದೆಗುಂದುವುದು ಬೇಡ. ಸಾಮಾನ್ಯ ವರ್ಗದವರು ಮುಂದಿನ ಹಂತಕ್ಕೆ ಹೋಗಲು ಬೇಕಾದ ಕನಿಷ್ಠ ಅಂಕ, ಅಂದರೆ ಕಟ್‌ಆಫ್, 2023ರಲ್ಲಿ 75.41, 2024ರಲ್ಲಿ 87.98 ಇತ್ತು. 200ಕ್ಕೆ ನೂರೂ ಬೇಕಾಗಿರಲಿಲ್ಲ ಎಂಬುದನ್ನು ಹುಡುಗರು ಮರೆತು, ಎಲ್ಲವನ್ನೂ ಓದಿ ಮುಗಿಸುವ ಹಟಕ್ಕೆ ಬಿದ್ದು ತಲೆ ಕೆಡಿಸಿಕೊಳ್ಳುತ್ತಾರೆ. ಸಿಸ್ಯಾಟ್‌ನಲ್ಲಿ ಶೇ 33 ಬಂದರೆ ಸಾಕು, ಆದರೆ ಬರಲೇಬೇಕು. ಅರ್ಹತೆಯ ಪತ್ರಿಕೆ ತಾನೇ ಎಂದು ಉಪೇಕ್ಷೆ ಮಾಡಿ, ಸಾಮಾನ್ಯ ಅಧ್ಯಯನದಲ್ಲಿ ಒಳ್ಳೆಯ ಅಂಕ ಬಂದೂ ಮನೆಗೆ ಮರಳಿದವರನ್ನು ಬಲ್ಲೆ. ಲೆಕ್ಕದಲ್ಲಿ ಕೈ ಪಳಗಿದ ನಿಮ್ಮ ಮಗಳಿಗೆ ಇದು ಕಷ್ಟವಾಗಲಾರದು, ಆದರೂ ಬರೆದೇ ತಿಳಿಯಬೇಕು.

ನಾಲ್ಕು ತಿಂಗಳಲ್ಲಿ ಎನ್‌ಸಿಇಆರ್‌ಟಿಯ ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಪುಸ್ತಕಗಳು ಮತ್ತು ದಿನಕ್ಕೊಂದು ಇಂಗ್ಲಿಷ್ ಪತ್ರಿಕೆ ಸಾಕು. ವಾರಕ್ಕೆರಡು ಉತ್ತರ ಬರೆಯಲಿ. ಡೊಂಬಿವಲಿಯಿಂದ ಠಾಣೆಗೆ ಹೋಗುವ ಲೋಕಲ್‌ನಲ್ಲಿ ಓದುತ್ತೇನೆ ಎಂದು ಅವಳು ಹೇಳಬಹುದು. ಬೆಳಗಿನ ಆ ನೂಕುನುಗ್ಗಲಿನಲ್ಲಿ ಪುಸ್ತಕ ಬಿಡಿಸಲು ಜಾಗವಿರುವುದಿಲ್ಲ, ಆ ಸಮಯವನ್ನು ಲೆಕ್ಕಕ್ಕೆ ಹಿಡಿಯುವುದೇ ಬೇಡ. ಬೆಳಿಗ್ಗೆ ಎರಡು ಗಂಟೆ, ರಾತ್ರಿ ಒಂದು ಗಂಟೆ, ಭಾನುವಾರ ಪೂರ್ತಿ. ಇಲ್ಲಿ ನಿಮ್ಮ ಪಾತ್ರ ದೊಡ್ಡದು. ಮನೆಯಲ್ಲಿ ಆ ಹೊತ್ತಿಗೆ ಟಿವಿ ಬೇಡ. ಊರಿನಿಂದ ನೆಂಟರು ಬಂದಿದ್ದಾರೆಂದು ಅವಳ ಭಾನುವಾರವನ್ನು ಕಸಿಯಬೇಡಿ. ಮನೆ ಚಿಕ್ಕದಾದರೆ ಹತ್ತಿರದ ಅಭ್ಯಾಸಿಕೆಯಲ್ಲಿ ತಿಂಗಳ ಲೆಕ್ಕಕ್ಕೆ ಒಂದು ಜಾಗ ಹಿಡಿದುಕೊಡಿ. ಎರಡು ಲಕ್ಷಕ್ಕೆ ಹೋಲಿಸಿದರೆ ಅದು ಏನೂ ಅಲ್ಲ.

ನಾಲ್ಕು ತಿಂಗಳ ಕೊನೆಗೆ ಅವಳು ಇದುವರೆಗೆ ನೋಡಿರದ ಇನ್ನೊಂದು ವರ್ಷದ ಪತ್ರಿಕೆ ಬರೆಯಲಿ. ಅಂಕ ಮೇಲೇರುತ್ತಿದ್ದರೆ, ವೇಳಾಪಟ್ಟಿ ಮುರಿಯದೆ ನಡೆದಿದ್ದರೆ, ಅವಳಿಗೆ ಪಾಠದ ಕೋಚಿಂಗ್ ಬೇಡ. ಪ್ರಿಲಿಮ್ಸ್‌ಗೆ ಅಣಕು ಪರೀಕ್ಷೆಗಳ ಒಂದು ಸರಣಿ, ಮುಖ್ಯ ಪರೀಕ್ಷೆಗೆ ಉತ್ತರ ತಿದ್ದಿಕೊಡುವ ಒಂದು ವ್ಯವಸ್ಥೆ, ಇಷ್ಟಕ್ಕೆ ಹಣ ಕೊಡಿ. ಅಂಕ ಏರಲೇ ಇಲ್ಲ, ಓದಲು ಕುಳಿತರೆ ತಲೆಬುಡ ತಿಳಿಯುತ್ತಿಲ್ಲ, ಅಥವಾ ಒಬ್ಬಳೇ ಓದಲು ಮನಸ್ಸು ನಿಲ್ಲುತ್ತಿಲ್ಲ ಎಂದಾದರೆ ತರಗತಿಗೆ ಸೇರಿಸಲು ಕಾರಣವಿದೆ. ಅದರಲ್ಲಿ ಅವಮಾನವೇನೂ ಇಲ್ಲ. ಆಗ ಯಾವ ವಿಷಯಕ್ಕೆ ನೆರವು ಬೇಕೆಂಬುದಾದರೂ ಅವಳಿಗೆ ಖಚಿತವಾಗಿ ಗೊತ್ತಿರುತ್ತದೆ. ಇತಿಹಾಸವೊಂದೇ ಕಷ್ಟವಾದರೆ ಇತಿಹಾಸದ ತರಗತಿಗಷ್ಟೇ ಸೇರಬಹುದು.

ತರಗತಿಯೇ ಬೇಕೆನಿಸಿದರೂ ಖಾಸಗಿ ಸಂಸ್ಥೆಗಳ ಬಾಗಿಲು ತಟ್ಟುವ ಮುನ್ನ ಸರ್ಕಾರದ್ದನ್ನು ನೋಡಿ. ನಮ್ಮ ಕನ್ನಡಿಗರ ಮನೆಗಳಲ್ಲಿ ಇವುಗಳ ವಿಚಾರ ಅಷ್ಟಾಗಿ ಗೊತ್ತಿಲ್ಲ, ಅದೇ ನನಗೆ ಬೇಸರ. ಮುಂಬಯಿಯಲ್ಲಿ ಸಿಎಸ್‌ಎಂಟಿ ಸಮೀಪ ಮಹಾರಾಷ್ಟ್ರ ಸರ್ಕಾರ 1976ರಲ್ಲಿ ಆರಂಭಿಸಿದ ಎಸ್‌ಐಎಸಿ ಎಂಬ ಸಂಸ್ಥೆಯಿದೆ. ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಅಲ್ಲಿ ಯುಪಿಎಸ್‌ಸಿ ತರಬೇತಿ ಉಚಿತ. ಬೇಕಾದದ್ದು ಪದವಿ ಮತ್ತು ಮಹಾರಾಷ್ಟ್ರದ ಡೊಮಿಸೈಲ್, ಅಂದರೆ ಇಲ್ಲಿನ ನಿವಾಸಿಯೆಂಬ ಪ್ರಮಾಣಪತ್ರ. ಮನೆಮಾತು ಯಾವುದೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಬಹಳ ವರ್ಷಗಳಿಂದ ಇಲ್ಲೇ ಇರುವ ನಿಮ್ಮ ಮಗಳಿಗೆ ಆ ದಾಖಲೆ ಸಿಗಬೇಕು. ಅವಳು ಕೆಲಸ ಮಾಡುವ ಠಾಣೆಯಲ್ಲೇ ಅಲ್ಲಿನ ಮಹಾನಗರಪಾಲಿಕೆ ನಡೆಸುವ, ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಚಿಂತಾಮಣರಾವ್ ದೇಶಮುಖರ ಹೆಸರಿನ ತರಬೇತಿ ಸಂಸ್ಥೆಯಿದೆ. ರಾಜ್ಯ ಸರ್ಕಾರದ ಆಡಳಿತ ತರಬೇತಿ ಸಂಸ್ಥೆಯಾದ ಪುಣೆಯ ಯಶದಾದಲ್ಲೂ ಒಂದು ಕೇಂದ್ರವಿದೆ. ಮನೆ ಬಿಟ್ಟು ಹೋಗುವುದೇ ಆದರೆ ದೆಹಲಿಯ ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾಲಯದ ವಸತಿ ಕೋಚಿಂಗ್ ಅಕಾಡೆಮಿಗೆ ಪ್ರವೇಶ ಪರೀಕ್ಷೆ ಬರೆಯಲಿ. ಅಲ್ಲಿ ಪರಿಶಿಷ್ಟರು ಮತ್ತು ಅಲ್ಪಸಂಖ್ಯಾತರ ಜೊತೆಗೆ ಎಲ್ಲ ಸಮುದಾಯಗಳ ಮಹಿಳೆಯರಿಗೂ ಅವಕಾಶವಿದೆ. 2021ರ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗರಾದ ಶ್ರುತಿ ಶರ್ಮಾ ತಯಾರಿ ನಡೆಸಿದ್ದು ಅಲ್ಲಿ. ಈ ಪ್ರವೇಶ ಪರೀಕ್ಷೆಗಳೇ ಅವಳ ತಯಾರಿ ಎಲ್ಲಿಗೆ ಬಂದಿದೆ ಎಂಬುದನ್ನೂ ಹೇಳಿಬಿಡುತ್ತವೆ.

ಕೊನೆಗೂ ಖಾಸಗಿ ಸಂಸ್ಥೆಗೆ ಹೋಗುವಿರಾದರೆ, ಹೋಟೆಲಿಗೆ ಹೊಸ ಅಡುಗೆಯವರನ್ನು ತೆಗೆದುಕೊಳ್ಳುವಾಗ ಕೈರುಚಿ ನೋಡದೆ ನೀವು ಸಂಬಳ ಗೊತ್ತು ಮಾಡುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ ನಡೆದುಕೊಳ್ಳಿ. ಹಿಂದಿನ ಬ್ಯಾಚಿನ ಯಾರಾದರೂ ವಿದ್ಯಾರ್ಥಿಯ ತಿದ್ದಿದ ಉತ್ತರ ಪತ್ರಿಕೆಯನ್ನು, ಹೆಸರು ಮುಚ್ಚಿಯಾದರೂ ಸರಿ, ತೋರಿಸಲು ಹೇಳಿ. ಅಂಚಿನಲ್ಲಿ ಏನು ಬರೆದಿದ್ದಾರೆ ಎಂಬುದನ್ನು ಮಗಳು ಓದಲಿ. ವರ್ಷಕ್ಕೆ ಎಷ್ಟು ಉತ್ತರ ತಿದ್ದುತ್ತಾರೆ, ಎಷ್ಟು ದಿನದಲ್ಲಿ ಮರಳಿ ಕೊಡುತ್ತಾರೆ, ತಿದ್ದುವವರು ಯಾರು, ಅವರೊಡನೆ ಮುಖಾಮುಖಿ ಮಾತಾಡಬಹುದೇ ಎಂದು ಕೇಳಿ. ಬ್ಯಾಚಿನಲ್ಲಿ ಎಷ್ಟು ಮಂದಿ ಎಂಬುದಕ್ಕೆ ಬಾಯಿಮಾತು ನಂಬದೆ, ನಡೆಯುತ್ತಿರುವ ತರಗತಿಯ ಕೊನೆಯ ಸಾಲಿನಲ್ಲಿ ಮಗಳನ್ನು ಒಂದು ದಿನ ಕೂರಿಸಿ. ಮೇಷ್ಟರು ಕಾಣುತ್ತಾರೋ, ಟಿವಿ ಪರದೆ ಕಾಣುತ್ತದೋ ಅವಳೇ ಹೇಳುತ್ತಾಳೆ.

ಹಣದ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಹೇಳಿದ ಫೀಸಿನಲ್ಲಿ ಶೇ 18 ಜಿಎಸ್‌ಟಿ ಸೇರಿದೆಯೇ ಕೇಳಿ. ‘ಬಡ್ಡಿಯಿಲ್ಲದ ಕಂತು’ ಎಂದು ಸಹಿ ಹಾಕಿಸುವ ಕಾಗದ ಬಹಳ ಸಲ ಯಾವುದೋ ಹಣಕಾಸು ಕಂಪನಿಯಿಂದ ನಿಮ್ಮ ಹೆಸರಿನಲ್ಲಿ ತೆಗೆಸುವ ಸಾಲವಾಗಿರುತ್ತದೆ. ಮಗಳು ಎರಡನೇ ತಿಂಗಳಲ್ಲಿ ತರಗತಿ ಬಿಟ್ಟರೂ ಕಂತು ನಿಮ್ಮ ಖಾತೆಯಿಂದ ಹೋಗುತ್ತಲೇ ಇರುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಪೂರ್ಣ ಶುಲ್ಕ ಕಟ್ಟಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು ಹತ್ತು ದಿನದೊಳಗೆ ಮರಳಿಸಬೇಕೆಂದಿದೆ. ಅದು ರಾಜ್ಯಗಳಿಗೆ ಕೊಟ್ಟ ಮಾರ್ಗಸೂಚಿಯಾದ್ದರಿಂದ ಅದನ್ನಷ್ಟೇ ನಂಬಿ ಕೂರಬೇಡಿ. ಮರುಪಾವತಿಯ ಷರತ್ತನ್ನು ಸಂಸ್ಥೆಯಿಂದಲೇ ಬರವಣಿಗೆಯಲ್ಲಿ ಪಡೆಯಿರಿ. ಬರೆದುಕೊಡದವರಿಗೆ ಹಣ ಕೊಡಬೇಡಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ‘ಈ ತಿಂಗಳೊಳಗೆ’ ಎಂಬ ರಿಯಾಯಿತಿಗೆ ಮರುಳಾಗಬೇಡಿ, ಮುಂದಿನ ತಿಂಗಳೂ ಅಂಥದ್ದೊಂದು ಬಂದೇ ಬರುತ್ತದೆ.

ಇನ್ನು ಕನ್ನಡ ಸಾಹಿತ್ಯ. ನಿಮ್ಮ ಗೆಳೆಯರ ಮನಸ್ಸಿನಲ್ಲಿರುವುದು 2016ರ ಪರೀಕ್ಷೆಯಲ್ಲಿ ದೇಶಕ್ಕೆ ಮೊದಲ ಸ್ಥಾನ ಪಡೆದ ಕೋಲಾರದ ಕೆ.ಆರ್. ನಂದಿನಿಯವರಿರಬೇಕು. ಅವರ ಐಚ್ಛಿಕ ವಿಷಯ ಕನ್ನಡ ಸಾಹಿತ್ಯವಾಗಿತ್ತು, ನಿಜ. ಐಚ್ಛಿಕ ವಿಷಯಕ್ಕೆ ಎರಡು ಪತ್ರಿಕೆ, ಒಟ್ಟು 500 ಅಂಕ. ಹಳಗನ್ನಡ ಕಾವ್ಯ, ವಚನ, ಭಾಷೆಯ ಚರಿತ್ರೆ, ಕಾವ್ಯಮೀಮಾಂಸೆ ಎಲ್ಲ ಅದರಲ್ಲಿ ಬರುತ್ತವೆ, ಉತ್ತರವನ್ನೂ ಕನ್ನಡದಲ್ಲೇ ಬರೆಯಬೇಕು. ಮನೆಯಲ್ಲಿ ಕುಂದಾಪುರದ ಕನ್ನಡ ಆಡುತ್ತಾ, ಶಾಲೆಯಲ್ಲಿ ಇಂಗ್ಲಿಷ್ ಕಲಿತವಳಿಗೆ ಇದು ಸುಲಭದ ದಾರಿಯಲ್ಲ. ಅವಳಿಗೆ ಅದರಲ್ಲಿ ನಿಜವಾದ ಒಲವಿದ್ದರೆ ಕಲೀನಾದ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ಅಲ್ಲಿನ ಅಧ್ಯಾಪಕರ ಹತ್ತಿರ ಹೋಗಿ ಪಠ್ಯಕ್ರಮ ತೋರಿಸಿ ಮಾತಾಡಲಿ. ಒಲವಿಲ್ಲದಿದ್ದರೆ ಬಿ.ಕಾಂ. ಓದಿ, ದಿನವೂ ಲೆಕ್ಕಪತ್ರದಲ್ಲೇ ಇರುವವಳಿಗೆ ವಾಣಿಜ್ಯ ಮತ್ತು ಲೆಕ್ಕಶಾಸ್ತ್ರ ಎಂಬ ಐಚ್ಛಿಕ ವಿಷಯವೇ ಇದೆ. ನನ್ನ ಒಲವು ಅದರ ಕಡೆಗೆ.

ನೀವು ಕೇಳದ ಒಂದು ಭಾಷೆಯ ವಿಷಯವಿದೆ, ಹೊರನಾಡಿನ ಕನ್ನಡಿಗರ ಮಕ್ಕಳು ಎಡವುವುದು ಇಲ್ಲಿ. ಮುಖ್ಯ ಪರೀಕ್ಷೆಯಲ್ಲಿ ಭಾರತೀಯ ಭಾಷೆಯೊಂದರ ಕಡ್ಡಾಯ ಪತ್ರಿಕೆ ಇರುತ್ತದೆ. 300 ಅಂಕ, ಅದರಲ್ಲಿ ಶೇ 25 ಬೇಕು. ಬರದಿದ್ದರೆ ಉಳಿದ ಪತ್ರಿಕೆಗಳ ಅಂಕವನ್ನೇ ಪರಿಗಣಿಸುವುದಿಲ್ಲ. ಪ್ರಬಂಧ, ಸಾರಾಂಶ, ಅನುವಾದ, ವ್ಯಾಕರಣ ಎಲ್ಲ ಇರುತ್ತದೆ. ಅಭಿಮಾನಕ್ಕೆ ಕನ್ನಡ ಎಂದು ಅರ್ಜಿಯಲ್ಲಿ ಬರೆದು, ಆಮೇಲೆ ಒತ್ತಕ್ಷರಕ್ಕೆ ತಡವರಿಸುವವರು ಇದ್ದಾರೆ. ಶಾಲೆಯಲ್ಲಿ ಅವಳು ಮರಾಠಿ, ಹಿಂದಿ ಕಲಿತಿರುತ್ತಾಳೆ. ಮೂರೂ ಭಾಷೆಯ ಹಳೆಯ ಪತ್ರಿಕೆಗಳನ್ನು ಎದುರಿಗಿಟ್ಟುಕೊಂಡು, ಒಂದೊಂದರಲ್ಲೂ ಎರಡು ಪುಟದ ಪ್ರಬಂಧ ಬರೆದು ನೋಡಲಿ. ಯಾವುದರಲ್ಲಿ ಕೈ ಓಡುತ್ತದೋ ಅದನ್ನು ಆರಿಸಿಕೊಳ್ಳಲಿ. ಅದು ಕನ್ನಡ ಆಗದಿದ್ದರೆ ನೀವು ನೊಂದುಕೊಳ್ಳಬೇಡಿ.

ಕೆಲಸ ಬಿಡುವ ಪ್ರಶ್ನೆಯನ್ನು ಪ್ರಿಲಿಮ್ಸ್‌ಗೆ ಎರಡು ಮೂರು ತಿಂಗಳು ಉಳಿದಾಗ ಮತ್ತೆ ಎತ್ತಿಕೊಳ್ಳಿ. ಆಗಲೂ ಮೊದಲು ರಜೆಗೆ ಪ್ರಯತ್ನಿಸಲಿ. ಅನುಭವಕ್ಕಾಗಿ ಒಮ್ಮೆ ಬರೆಯಿರಿ ಎಂಬ ಸಲಹೆ ಬಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಪ್ರಿಲಿಮ್ಸ್‌ನ ಒಂದು ಪತ್ರಿಕೆಗೆ ಕುಳಿತರೂ ಒಂದು ಪ್ರಯತ್ನ ಖರ್ಚಾದಂತೆ. ಅರ್ಜಿ ಹಾಕಿ ಹೋಗದಿದ್ದರೆ ಖರ್ಚಾಗುವುದಿಲ್ಲ. ಸಾಮಾನ್ಯ ವರ್ಗಕ್ಕೆ 32 ವರ್ಷದವರೆಗೆ ಆರು ಪ್ರಯತ್ನ, ಒಬಿಸಿಗೆ 35ರವರೆಗೆ ಒಂಬತ್ತು. ನಿಯಮ ಆರು ಕೊಟ್ಟಿದೆಯೆಂದು ಆರನ್ನೂ ಬರೆಯಬೇಕಾಗಿಲ್ಲ. ಎಷ್ಟು ಸಲ ಬರೆಯುವುದು, ಆಗದಿದ್ದರೆ ಮುಂದೇನು ಎಂಬುದನ್ನು ಅಪ್ಪ ಮಗಳು ಈಗಲೇ ಕುಳಿತು ಮಾತಾಡಿಕೊಳ್ಳಿ. ಮೊದಲ ಸಲ ಆಗಲಿಲ್ಲವೆಂದ ಕೂಡಲೇ ಮದುವೆಯ ಮಾತು ತೆಗೆಯುವುದಿಲ್ಲವೆಂದು ನೀವೂ ಮಾತು ಕೊಡಿ. ಮರಾಠಿ ಚೆನ್ನಾಗಿ ಬರುವುದಾದರೆ ಮಹಾರಾಷ್ಟ್ರದ ರಾಜ್ಯಸೇವಾ ಪರೀಕ್ಷೆಯನ್ನೂ ಜೊತೆಗೆ ಇಟ್ಟುಕೊಳ್ಳಬಹುದು. ಅದರ ಮುಖ್ಯ ಪರೀಕ್ಷೆ 2025ರಿಂದ ಯುಪಿಎಸ್‌ಸಿಯ ಮಾದರಿಯಲ್ಲೇ ವಿವರಣಾತ್ಮಕವಾಗಿರುವುದರಿಂದ ಒಂದೇ ಓದು ಎರಡಕ್ಕೂ ಒದಗುತ್ತದೆ.

ನಿಮ್ಮ ಸಮುದಾಯ ಯಾವುದೆಂದು ಪತ್ರದಲ್ಲಿಲ್ಲ. ಕರ್ನಾಟಕದ ಒಬಿಸಿ ಅಥವಾ ಪರಿಶಿಷ್ಟರ ಪಟ್ಟಿಗೆ ಸೇರಿದವರಾಗಿದ್ದರೆ ಒಂದು ಕೆಲಸವನ್ನು ಇಂದೇ ಶುರು ಮಾಡಿ. ಮಹಾರಾಷ್ಟ್ರಕ್ಕೆ ವಲಸೆ ಬಂದವರಿಗೆ ಇಲ್ಲಿನ ರಾಜ್ಯ ಸರ್ಕಾರದ ಮೀಸಲಾತಿ ಸಿಗುವುದಿಲ್ಲ, ಆದರೆ ಕೇಂದ್ರದ ಪರೀಕ್ಷೆಯಲ್ಲಿ ಮೂಲ ರಾಜ್ಯದ ಪಟ್ಟಿಯ ಮೇಲೆ ಸಿಗುತ್ತದೆ. ಅದಕ್ಕೆ ಊರಿನ ತಾಲ್ಲೂಕು ಕಚೇರಿಯಿಂದ ನಿಮ್ಮ ಹೆಸರಿನ ಜಾತಿ ಪ್ರಮಾಣಪತ್ರ ಮೊದಲು ಬೇಕು, ಮಗಳದ್ದು ಅದರ ಆಧಾರದ ಮೇಲೆ ಆಗಬೇಕು. ಒಬಿಸಿಯಾದರೆ ಕೇಂದ್ರ ಸರ್ಕಾರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವೂ ಬೇಕು. ಕುಂದಾಪುರಕ್ಕೂ ಡೊಂಬಿವಲಿಗೂ ನಡುವೆ ಈ ಕಾಗದಗಳು ಓಡಾಡುವಷ್ಟರಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಮಗಳ ಡೊಮಿಸೈಲ್‌ಗೂ ಇದರ ಜೊತೆಗೇ ಅರ್ಜಿ ಹಾಕಿಬಿಡಿ, ಎಸ್‌ಐಎಸಿ ಪ್ರವೇಶ ಪರೀಕ್ಷೆಯ ಪ್ರಕಟಣೆ ಬಂದಾಗ ಅದು ಕೈಯಲ್ಲಿರಬೇಕು.